ತರಗತಿ ಗುಂಪಿನಲ್ಲಿ ಮಕ್ಕಳು ಬಾಯಿ ಬಿಡಬೇಕಾದರೆ ಏನು ಮಾಡ್ತೀರಿ? ಅನುಭವ ಹಂಚಿಕೊಳ್ಳಿ

ಕೇಳಿದವರು: ಸರ್ಕಾರಿ ಪ್ರೌಢಶಾಲೆ ಶಿಕ್ಷಕ, ಚಿತ್ರದುರ್ಗ ಜಿಲ್ಲೆ

ಒಂಬತ್ತನೇ ತರಗತಿಗೆ ವಾಟ್ಸಾಪ್ ಗುಂಪು ಮಾಡಿದ್ದೇನೆ. ಅದರಲ್ಲಿ ಬರೋದು ಹೋಂವರ್ಕ್ ಫೋಟೊ, ‘ಓಕೆ ಸರ್’, ಗುಡ್ ಮಾರ್ನಿಂಗ್ ಚಿತ್ರ, ಅಷ್ಟೇ. ತರಗತಿಯಲ್ಲಿ ಕೈ ಎತ್ತುವ ನಾಲ್ಕೈದು ಮಕ್ಕಳೇ ಅಲ್ಲೂ ಬರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಇರೋದು ಅಪ್ಪನ ಫೋನ್ ಒಂದೇ, ಅದು ಮನೆ ಸೇರೋದು ಕತ್ತಲಾದ ಮೇಲೆ. ಮಕ್ಕಳು ಕೂಡಿ ಮಾತಾಡಿ ಕಲಿಯುವ ಹಾಗೆ ಇಂಥದ್ದನ್ನು ಬಳಸಿದವರು ದಯವಿಟ್ಟು ಹೇಳಿ.

ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ಕಡೆ

ಸರ್, ಏನು ಕೇಳ್ತೀವಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ‘ಆವಿಯಾಗುವಿಕೆ ಎಂದರೇನು?’ ಅಂದರೆ ಒಬ್ಬರು ಪುಸ್ತಕದ ಪುಟ ಫೋಟೊ ಹೊಡೆದು ಹಾಕ್ತಾರೆ, ಉಳಿದವರಿಗೆ ಹೇಳೋಕೆ ಏನೂ ಇರಲ್ಲ. ಮನೆಮನೆಯಿಂದ ಬೇರೆ ಬೇರೆ ಉತ್ತರ ಬರುವಂಥದ್ದು ಕೇಳಬೇಕು. ದೀಪಾವಳಿ ಕಳೆದ ಮೇಲೆ ಪುನರಾವರ್ತನೆಗೆ ನಾನು ಕೇಳಿದ್ದು ಇದು: ‘ನಿಮ್ಮ ಮನೆಯಲ್ಲಿ ಈಗ ಏನು ಒಣಗಿಸ್ತಿದ್ದಾರೆ? ಬೇಗ ಒಣಗಲಿ ಅಂತ ಏನೇನು ಮಾಡ್ತಾರೆ?’ ಟೈಪ್ ಮಾಡೋದು ಬೇಡ, ವಾಯ್ಸ್ ಮೆಸೇಜ್ ಕಳಿಸಿ ಅಂದೆ. ಕನ್ನಡ ಟೈಪ್ ಮಾಡಲು ಬರದೆ ಸುಮ್ಮನಾಗುವ ಮಕ್ಕಳು ಬಹಳ.

ಕೊನೆ ಬೆಂಚಿನ ಒಬ್ಬ ಹುಡುಗಿ, ತರಗತಿಯಲ್ಲಿ ತುಟಿ ಬಿಚ್ಚಿದವಳೇ ಅಲ್ಲ, ಆವತ್ತು ರಾತ್ರಿ ಮಾತಾಡಿದಳು. ಬೇಯಿಸಿದ ಅಡಿಕೆಯನ್ನು ಅಜ್ಜಿ ತಟ್ಟಿಯ ಮೇಲೆ ತೆಳ್ಳಗೆ ಹರಡ್ತಾರಂತೆ, ರಾಶಿ ಬಿಟ್ಟರೆ ಬೂಸ್ಟು ಹಿಡಿಯುತ್ತೆ ಅಂತ ಬೈತಾರಂತೆ. ಬಿಸಿಲು ಚುರುಕಾಗಿದ್ದರೆ ಸರಿ, ಗಾಳಿ ಬಿಟ್ಟರೆ ಇನ್ನೂ ಒಳ್ಳೇದು, ಮಂಜು ಮುಚ್ಚಿದ ದಿನ ಎಷ್ಟು ಹರಡಿದರೂ ಒಣಗಲ್ಲ. ಮೇಲ್ಮೈ ವಿಸ್ತೀರ್ಣ, ತಾಪ, ಗಾಳಿಯ ವೇಗ, ಆರ್ದ್ರತೆ: ಪುಸ್ತಕ ಹೇಳುವ ನಾಲ್ಕೂ ಅಂಶ ಅವಳ ಮಾತಿನಲ್ಲೇ ಇತ್ತು!

ಮಾರನೇ ದಿನ ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆ, ಅದನ್ನು ತರಗತಿಯಲ್ಲಿ ಸ್ಪೀಕರ್‌ಗೆ ಹಾಕಿದೆ. ‘ಯಾವ ಮಾತಿನಲ್ಲಿ ಯಾವ ಅಂಶ ಅಡಗಿದೆ, ಬೆಂಚಿನವರೆಲ್ಲ ಸೇರಿ ಹುಡುಕಿ’ ಅಂದೆ. ಮಂಜಿನ ಹತ್ತಿರ ಜಗಳವೇ ಎದ್ದಿತು. ಅಡಿಕೆ ಒಣಗದೇ ಇದ್ದದ್ದು ಚಳಿಗೋ, ಗಾಳಿಯಲ್ಲಿನ ತೇವಕ್ಕೋ? ಗುಂಪಿನಲ್ಲಿ ಬಂದದ್ದನ್ನು ಹೀಗೆ ತರಗತಿಗೆ ತರಲೇಬೇಕು ಸರ್. ಫೋನಿನಲ್ಲೇ ಉಳಿದರೆ ಅದು ಇನ್ನೊಂದು ಹೋಂವರ್ಕ್ ಆಗಿಬಿಡುತ್ತೆ.

ಇದು ಯಾಕೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಹಳೆಯ ಆಧಾರವೇ ಇದೆ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣತಜ್ಞೆ 1970ರ ದಶಕದಲ್ಲೇ ತೋರಿಸಿದ್ದರು: ಪ್ರಶ್ನೆ ಕೇಳಿ ಶಿಕ್ಷಕರು ಕಾಯೋದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೂ ಸಾಕು, ಉತ್ತರ ಉದ್ದವಾಗುತ್ತೆ, ಸುಮ್ಮನಿರುವ ಮಕ್ಕಳೂ ಮಾತಾಡ್ತಾರೆ. ನನ್ನ ಹುಡುಗಿಗೆ ಒಂದು ಇಡೀ ಸಂಜೆ ಸಿಕ್ಕಿತ್ತು.

ಫೋನಿನ ತೊಂದರೆಗೆ ನಾನು ಕೇರಿವಾರು ನಾಲ್ಕೈದು ಮಕ್ಕಳ ತಂಡ ಮಾಡ್ತೀನಿ. ತಂಡಕ್ಕೆ ಒಂದು ಫೋನ್, ಒಂದೇ ಉತ್ತರ. ಮಾತಾಡುವವರು ಮಾತ್ರ ಪ್ರತಿಸಲ ಬದಲಾಗಬೇಕು.

ಕನ್ನಡ ಶಿಕ್ಷಕಿ, ಕಲಬುರಗಿ

ಮೇಡಂ ಹೇಳಿದ್ದು ಖರೇ ಅದ. ಆದ್ರ ಸರ್, ಗುಂಪು ಮಾಡೋ ಮೊದಲು ನಂಬರಿನ ವಿಚಾರ ನೋಡ್ರಿ. ಗುಂಪಿನ್ಯಾಗ ಎಲ್ಲರ ನಂಬರೂ ಎಲ್ಲರಿಗೂ ಕಾಣ್ತದ. ಹೆಣ್ಣುಮಕ್ಕಳ ಮನೆಯವರಿಗೆ ಇದು ದೊಡ್ಡ ಚಿಂತಿ, ಅವರ ಚಿಂತಿ ನ್ಯಾಯಾನೂ ಅದ. ನಾನು ಪಾಲಕರ ನಂಬರೇ ಹಾಕ್ತೀನಿ, ಅದೂ ಅವರನ್ನ ಸಾಲಿಗೆ ಕರೆದು ಕೇಳಿದ ಮ್ಯಾಲೆ. ಅಡ್ಮಿನ್ ಅಷ್ಟೇ ಮೆಸೇಜ್ ಹಾಕೋ ಹಂಗ ಸೆಟ್ಟಿಂಗ್ ಇಟ್ಟೀನಿ. ಉತ್ತರ ನನ್ನ ನಂಬರಿಗೆ ಬರ್ತಾವ. ಅದರಾಗ ಒಂದಕ್ಕೊಂದು ಒಪ್ಪದ ಎರಡು ಆರಿಸಿ, ಹೆಸರು ಹೇಳದೇ ಗುಂಪಿಗೆ ಹಾಕ್ತೀನಿ: ‘ಇವರಿಬ್ಬರಲ್ಲಿ ಯಾರ ಮಾತು ನಿಮಗ ಸರಿ ಅನಸ್ತದ, ಯಾಕ?’ ಜಾಣ ಹುಡುಗ ಯಾರು ಅಂತ ನೋಡಿ ಹೂಂ ಅನ್ನೋದು ಅಲ್ಲಿಗೆ ನಿಲ್ತದ. ರಾತ್ರಿ ಒಂಬತ್ತರ ಮ್ಯಾಲೆ ನಾನೂ ಏನೂ ಹಾಕಂಗಿಲ್ಲ.

ಗಣಿತ ಶಿಕ್ಷಕ, ಮಂಡ್ಯ

ಮಕ್ಕಳ ಹತ್ತಿರ ಫೋನೇ ಇಲ್ಲದಿದ್ದರೂ ಆಗುವಂಥದ್ದು ಒಂದಿದೆ ಸರ್, ಪ್ಲಿಕರ್ಸ್ ಅನ್ನೋ ಆ್ಯಪ್. ಪ್ರತಿ ಮಗುವಿಗೂ ಕ್ಯೂಆರ್ ಕೋಡ್ ಥರದ ಒಂದು ಕಾಗದದ ಕಾರ್ಡು. ಅದರ ನಾಲ್ಕು ಬದಿ ಎ, ಬಿ, ಸಿ, ಡಿ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಹಿಡಿದರೆ ಮುಗಿಯಿತು. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ಒಮ್ಮೆ ಆ ಕಡೆಯಿಂದ ಈ ಕಡೆಗೆ ತಿರುಗಿಸಿದರೆ ಯಾರದು ಏನು ಉತ್ತರ ಅಂತ ಬಂದುಬಿಡುತ್ತೆ. ಪಕ್ಕದವರ ಕಾರ್ಡು ನೋಡಿದರೂ ಯಾವ ಉತ್ತರ ಅಂತ ಸುಲಭಕ್ಕೆ ಗೊತ್ತಾಗಲ್ಲ. ಕಾರ್ಡನ್ನು ದಪ್ಪ ಹಾಳೆ ಮೇಲೆ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಬೇಡ, ಬೆಳಕು ಹೊಳೆದು ಕ್ಯಾಮೆರಾಗೆ ಸಿಗಲ್ಲ.

−3² ಎಷ್ಟು ಅಂತ ಕೇಳಿ ನೋಡಿ. ಕೆಲವರು 9, ಕೆಲವರು −9. ಸರಿಯುತ್ತರ ಹೇಳಬೇಡಿ! ‘ಬೇರೆ ಉತ್ತರ ಹಿಡಿದವರನ್ನು ಹುಡುಕಿ, ನಿಮ್ಮದೇ ಸರಿ ಅಂತ ಒಪ್ಪಿಸಿ’ ಅನ್ನಿ, ಆಮೇಲೆ ಇನ್ನೊಮ್ಮೆ ಕಾರ್ಡು ಎತ್ತಿಸಿ. ‘ಆವರಣ ಎಲ್ಲಿದೆಯೋ? ವರ್ಗ ಬರೀ ಮೂರಕ್ಕೆ ಕಣೋ’ ಅಂತ ಮಕ್ಕಳೇ ಒಬ್ಬರಿಗೊಬ್ಬರು ತಿಳಿಸ್ತಾರೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಮೊದಲ ಸಲಕ್ಕೆ ಶೇಕಡಾ 30ರಿಂದ 70ರಷ್ಟು ಮಕ್ಕಳು ಸರಿ ಹೇಳಿದ್ದರೆ ಚರ್ಚೆ ಚೆನ್ನಾಗಿ ಏಳುತ್ತೆ. ಎಲ್ಲರಿಗೂ ಗೊತ್ತಿದ್ದರೆ ಮುಂದಿನ ಲೆಕ್ಕಕ್ಕೆ ಹೋಗಿ.

ಪದವಿ ಕಾಲೇಜು ಉಪನ್ಯಾಸಕಿ, ಬೆಂಗಳೂರು

ಕಾಲೇಜಿನವರಿಗೆ ಒಂದು ಮಾತು: ಗೂಗಲ್ ಡಾಕ್ಸ್‌ನಲ್ಲಿ ನಾಲ್ಕು ಜನಕ್ಕೆ ಒಂದು ಕಡತ ಕೊಟ್ಟರೆ ಒಬ್ಬರು ಬರೀತಾರೆ, ಮೂವರು ಹೆಸರು ಸೇರಿಸ್ತಾರೆ. ವರ್ಷನ್ ಹಿಸ್ಟರಿಯಲ್ಲಿ ಯಾರು ಯಾವಾಗ ಏನು ಬರೆದರು ಅಂತ ಕಾಣುತ್ತೆ, ಅದನ್ನು ಮೊದಲ ದಿನವೇ ತೆರೆದು ತೋರಿಸಿ. ಪ್ರತಿಯೊಬ್ಬರೂ ಗೆಳೆಯರ ಭಾಗದ ಪಕ್ಕ ಕಾಮೆಂಟಿನಲ್ಲಿ ಒಂದು ನಿಜವಾದ ಪ್ರಶ್ನೆ ಕೇಳಲೇಬೇಕು ಅಂತ ನಿಯಮ ಮಾಡಿ. ನಾನು ಅಂಕ ಕೊಡೋದು ಆ ಪ್ರಶ್ನೆಗೂ ಸೇರಿಸಿಯೇ.

ಕೇಳಿದವರು

ಎಲ್ಲರಿಗೂ ವಂದನೆ. ಸೋಮವಾರವೇ ಕೇರಿವಾರು ತಂಡ ಮಾಡ್ತೇನೆ. ನಮ್ಮಲ್ಲಿ ಶೇಂಗಾ ಒಣಗಿಸ್ತಾರೆ, ಪ್ರಶ್ನೆ ಹಾಗೇ ಹೊಂದುತ್ತೆ. ಆದರೆ ದೂರದ ಹಟ್ಟಿಯಿಂದ ಬರುವ ಇಬ್ಬರಿದ್ದಾರೆ, ಹತ್ತಿರದಲ್ಲಿ ಯಾವ ಫೋನೂ ಇಲ್ಲ. ಅವರಿಗೆ?

ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ಕಡೆ

ಪ್ರಶ್ನೆಯನ್ನು ಹಿಂದಿನ ದಿನ ಸಂಜೆ ಬೆಲ್ ಹೊಡೆಯುವ ಮುಂಚೆ ಬಾಯಲ್ಲೇ ಹೇಳಿಬಿಡಿ ಸರ್, ಆಗ ಯೋಚನೆಗೆ ಅವರಿಗೂ ಅಷ್ಟೇ ಹೊತ್ತು ಸಿಗುತ್ತೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನಿಮ್ಮ ಫೋನ್ ಅವರ ಕೈಗೆ ಕೊಟ್ಟು ನೀವು ಸ್ವಲ್ಪ ಆಚೆ ಹೋಗಿ ನಿಂತುಕೊಳ್ಳಿ. ಎದುರಿಗೆ ನಿಂತರೆ ಮಾತಾಡಲ್ಲ.