ಸಹಾಯ ಬೇಕು: ಹ್ಯಾಸ್ಕೆಲ್‌ನಲ್ಲಿ ಟೈಪ್ ತಪ್ಪದ ಎಕ್ಸ್‌ಪ್ರೆಷನ್ ಪಾರ್ಸರ್, ‘ಲೆಟ್’ ಹತ್ತಿರ ಸಿಕ್ಕಿಬಿದ್ದಿದ್ದೇನೆ

ನಮಸ್ಕಾರ. ಹ್ಯಾಸ್ಕೆಲ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಇದ್ದೀರಾ? ಕಲಿಯೋಕೆ ಅಂತ ಒಂದು ಪುಟ್ಟ ಕ್ಯಾಲ್ಕುಲೇಟರ್ ಭಾಷೆ ಬರೆಯುತ್ತಿದ್ದೇನೆ. ಅಂಕಿ, ಟ್ರೂ-ಫಾಲ್ಸ್, ಕೂಡುವುದು, ಇಫ್. ಇಷ್ಟೇ.

ಎಕ್ಸ್‌ಪ್ರೆಷನ್‌ನ ಟ್ರೀಯನ್ನು ಜಿಎಡಿಟಿಯಲ್ಲಿ (ಪ್ರತಿ ಎಕ್ಸ್‌ಪ್ರೆಷನ್‌ನ ಟೈಪನ್ನೂ ಜೊತೆಗೆ ಹೊರುವ ಡೇಟಾ ಟೈಪ್) ಬರೆದೆ. ‘1 + ಟ್ರೂ’ ಕಟ್ಟಲು ಕಂಪೈಲರ್ ಬಿಡುವುದೇ ಇಲ್ಲ. ಇವಾಲ್ಯುಯೇಟರ್‌ನಲ್ಲಿ (ಟ್ರೀಯ ಬೆಲೆ ಲೆಕ್ಕ ಹಾಕುವ ಭಾಗ) ಒಂದೂ ಟೈಪ್ ಚೆಕ್ ಬೇಕಾಗಲಿಲ್ಲ. ಆ ಖುಷಿ ಪಾರ್ಸರ್ (ಸ್ಟ್ರಿಂಗ್ ಓದಿ ಟ್ರೀ ಕಟ್ಟುವ ಭಾಗ) ತನಕ ಮಾತ್ರ! ಸ್ಟ್ರಿಂಗ್ ಓದುವ ಮೊದಲೇ ಬರುವ ಟ್ರೀ ಇಂಟಾ, ಬೂಲಾ ಅಂತ ಹೇಗೆ ಹೇಳುವುದು?

ಕೊನೆಗೆ ಕೆಲಸವನ್ನು ಎರಡು ಭಾಗ ಮಾಡಿದೆ. ಮೊದಲು ಮೆಗಾಪಾರ್ಸೆಕ್ ಲೈಬ್ರರಿಯಿಂದ ಟೈಪ್ ಇಲ್ಲದ ಸಾದಾ ಟ್ರೀ. ಆಮೇಲೆ ಟೈಪ್‌ಚೆಕ್ ಫಂಕ್ಷನ್ ಅದನ್ನು ಜಿಎಡಿಟಿಗೆ ತಿರುಗಿಸಿ, ಟೈಪಿನ ಗುರುತಿನ ಜೊತೆ ಎಕ್ಸಿಸ್ಟೆನ್ಷಿಯಲ್ (ಒಳಗಿನ ಟೈಪ್ ಹೊರಗೆ ಕಾಣದ ಡಬ್ಬಿ) ಒಳಗೆ ಮುಚ್ಚಿ ಕೊಡುತ್ತದೆ. ಇಫ್‌ನ ಎರಡೂ ಕವಲು ಒಂದೇ ಟೈಪ್ ಎಂದು ತೋರಿಸಲು ಮೊದಲು ಸುಮ್ನೆ ‘==’ ಬಳಸಿದ್ದೆ. ಅದು ಬೂಲ್ ಕೊಡುತ್ತದೆ ಅಷ್ಟೇ, ಕಂಪೈಲರ್‌ಗೆ ಏನೂ ತಿಳಿಯುವುದಿಲ್ಲ. ಟೆಸ್ಟ್‌ಈಕ್ವಾಲಿಟಿ ಹಾಕಿ, ರೆಫ್ಲ್ (ಎರಡು ಟೈಪ್ ಒಂದೇ ಎಂಬ ಪುರಾವೆ) ಮೇಲೆ ಪ್ಯಾಟರ್ನ್ ಮ್ಯಾಚ್ ಮಾಡಿದಾಗ ಒಪ್ಪಿತು. ಇದಕ್ಕೇ ಎರಡು ದಿನ ಹೋಯಿತು, ನಗಬೇಡಿ.

ಈಗ ಲೆಟ್ (ಒಂದು ಬೆಲೆಗೆ ಹೆಸರಿಡುವುದು) ಸೇರಿಸಬೇಕು. ವೇರಿಯಬಲ್‌ಗಳನ್ನು ಮ್ಯಾಪ್‌ನಲ್ಲಿಟ್ಟರೆ ಹುಡುಕಿದಾಗಲೆಲ್ಲ ಮೇಬಿ (ಸಿಕ್ಕರೆ ಬೆಲೆ, ಇಲ್ಲದಿದ್ದರೆ ಏನೂ ಇಲ್ಲ) ಬರುತ್ತದೆ. ಇವಾಲ್ಯುಯೇಟರ್‌ನಿಂದ ಓಡಿಸಿದ ಎರರ್ ಚೆಕ್ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬಂದಂತೆ, ಅಲ್ವಾ? ಡಿ ಬ್ರೌನ್ (de Bruijn) ಇಂಡೆಕ್ಸ್ (ಹೆಸರಿನ ಬದಲು ಎಷ್ಟನೇ ವೇರಿಯಬಲ್ ಎಂಬ ಅಂಕಿ) ಮತ್ತು ಟೈಪ್ ಮಟ್ಟದ ಲಿಸ್ಟ್ ಬಳಸಿದರೆ ಇದು ತಪ್ಪುತ್ತದೆ ಅನ್ನುವುದು ಅರ್ಥವಾಗಿದೆ. ಆದರೆ ಹೆಸರು ಸ್ಟ್ರಿಂಗ್ ಆಗಿ ಬರುತ್ತದೆ. ಅದನ್ನು ಟೈಪ್ ಇರುವ ಇಂಡೆಕ್ಸ್ ಮಾಡುವ ಲುಕಪ್ (ಹುಡುಕುವ ಫಂಕ್ಷನ್) ಬರೆಯಲು ಹೋದರೆ ‘ರಿಜಿಡ್ ಟೈಪ್ ವೇರಿಯಬಲ್’ ಎರರ್ ಬರುತ್ತದೆ.

ಆ ಲುಕಪ್‌ನ ಟೈಪ್ ಸಿಗ್ನೇಚರ್ ಹೇಗಿರಬೇಕು? ಅದೊಂದು ಸಾಲು ಸಿಕ್ಕರೂ ಸಾಕು. ಕೋಡ್ ಬೇಕಿದ್ದರೆ ಕಮೆಂಟ್‌ನಲ್ಲಿ ಹಾಕುತ್ತೇನೆ.