ಶಿವಮೊಗ್ಗದ ಹೊರವಲಯದ ಹೊಸ ಬಡಾವಣೆಯಲ್ಲಿ ನಿವೇಶನ ಕೊಳ್ಳಬಹುದೇ?

ಕೋಣಂದೂರು ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಣಂದೂರಿನ ಹತ್ತಿರ ಅಡಿಕೆ ತೋಟದ ಮನೆ. ಅಪ್ಪನಿಗೆ ವಯಸ್ಸಾಯಿತು, ಅಮ್ಮನಿಗೆ ಮಂಡಿನೋವು. ಮಳೆಗಾಲದ ರಾತ್ರಿ ಏನಾದರೂ ಆದರೆ ಆಸ್ಪತ್ರೆ ಮುಟ್ಟಿಸುವುದು ಹೇಗೆ ಎಂಬುದೇ ಚಿಂತೆ. ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ. ಹಾಗಾಗಿ ಶಿವಮೊಗ್ಗದಲ್ಲಿ ಮೂವತ್ತು–ನಲವತ್ತರ ಒಂದು ನಿವೇಶನ ಕೊಂಡು ಚಿಕ್ಕದಾಗಿ ಮನೆ ಕಟ್ಟಿಸೋಣ ಎಂದುಕೊಂಡಿದ್ದೇವೆ.

ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಮೇಲೆ ಊರ ಸುತ್ತ ಎಲ್ಲಿ ನೋಡಿದರೂ ಬಡಾವಣೆಗಳ ಫಲಕ. ನಾವು ನೋಡಿದ್ದು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆ, ಸೂಡಾ (ಇಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇದೆ ಎನ್ನುತ್ತಾರೆ. ಕರಪತ್ರದಲ್ಲಿ ಕ್ಲಬ್ ಹೌಸ್, ಈಜುಕೊಳ, ನಡಿಗೆ ಪಥ, ದಿನವಿಡೀ ನೀರು, ಕಾವಲುಗಾರ, ದೇವಸ್ಥಾನ ಎಲ್ಲವೂ ಇದೆ. ಹೊರಗಿನಿಂದ ನೋಡಲು ಚೆನ್ನಾಗಿಯೇ ಇದೆ. ನಮ್ಮ ಮನೆಯಲ್ಲಿ ಯಾರಿಗೂ ಪಟ್ಟಣದ ವ್ಯವಹಾರ ಗೊತ್ತಿಲ್ಲ. ಏನೇನು ನೋಡಬೇಕು ಎಂದು ತಿಳಿದವರು ಹೇಳುವಿರಾ?

ಹಳೇ ಓವರ್‌ಸಿಯರ್

ತಂಗೀ, ಈಜುಕೊಳದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಸವಳಂಗ ರಸ್ತೆಯ ಕಡೆ ನಾನಿರುವ ಬಡಾವಣೆಯಲ್ಲಿಯೂ ಒಂದು ಇದೆ. ನಿವೇಶನಗಳು ಮಾರಾಟವಾಗುವವರೆಗೆ ಅದರಲ್ಲಿ ತಿಳಿನೀರು ಇತ್ತು. ಈಗ ಮೃಗಶಿರಾ ಮಳೆಗೆ ತಾನಾಗಿ ತುಂಬುತ್ತದೆ, ದೀಪಾವಳಿಯ ಹೊತ್ತಿಗೆ ಪಾಚಿ ಕಟ್ಟುತ್ತದೆ. ಕಪ್ಪೆಗಳಿಗೆ ಸದಸ್ಯತ್ವ ಶುಲ್ಕವಿಲ್ಲ. ಕ್ಲಬ್ ಹೌಸಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬ ಬಗ್ಗೆ ನಮ್ಮಲ್ಲಿ ಎರಡು ಪಕ್ಷಗಳಿವೆ. ಇವೆಲ್ಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ನೀವು ನೋಡಬೇಕಾದದ್ದು ಚರಂಡಿ. ಹೆಬ್ಬಾಗಿಲಿನ ಹತ್ತಿರದ್ದಲ್ಲ, ಕಟ್ಟಕಡೆಯದ್ದು. ನಮ್ಮಲ್ಲಿ ಕಾಂಕ್ರೀಟ್ ಚರಂಡಿ ಕೊನೆಯ ಸಾಲಿನ ಮನೆಗಳವರೆಗೂ ಸೊಗಸಾಗಿ ಬಂದು ಬೇಲಿಯ ಹತ್ತಿರ ಥಟ್ಟನೆ ನಿಂತಿದೆ. ಬೇಲಿಯಾಚೆ ಒಬ್ಬರ ಗದ್ದೆ. ನೆಟ್ಟ ಸಸಿಯ ಮೇಲೆ ಬಟ್ಟೆ ಒಗೆದ ನೀರು, ಸೋಪಿನ ನೊರೆ ಬಂದು ನಿಂತರೆ ಅವರು ಸುಮ್ಮನಿರುತ್ತಾರೆಯೇ? ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಚರಂಡಿಯ ಬಾಯಿಗೆ ಅಡ್ಡ ಇಟ್ಟಿದ್ದಾರೆ. ಪುನರ್ವಸು ಮಳೆ ಹಿಡಿದರೆ ನೀರು ಹಿಂದಕ್ಕೆ ಬಂದು ಕೊನೆಯ ಸಾಲಿನವರ ನೀರಿನ ಸಂಪಿನೊಳಗೆ ಇಳಿಯುತ್ತದೆ. ಅವರು ಮೋಟರ್ ಹಚ್ಚಿ ಅದನ್ನೇ ಮತ್ತೆ ರಸ್ತೆಗೆ ಬಿಡುತ್ತಾರೆ. ನನ್ನ ಕೇಳಿದರೆ ರೈತರದು ತಪ್ಪಿಲ್ಲ. ಚರಂಡಿಯನ್ನು ಹಳ್ಳಕ್ಕೋ ಕೆರೆ ಕೋಡಿಗೋ ಮುಟ್ಟಿಸದೆ ನಕ್ಷೆ ಮುಗಿಸಿದವರದು ತಪ್ಪು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಊರೆಲ್ಲ ನೋಡಿದೆ. ಆದರೆ ಹೊಳೆಯಿಂದ ದೂರವಿದ್ದ ಮಾತ್ರಕ್ಕೆ ಪಾರು ಎಂದುಕೊಳ್ಳಬೇಡಿ. ನಿವೇಶನ ನೋಡುವುದಕ್ಕೆ ಬೇಸಿಗೆಯಲ್ಲಿ ಕಾರು ಕಳಿಸುತ್ತಾರೆ. ನೀವು ಕೊಡೆ ಹಿಡಿದು ಆಷಾಢದಲ್ಲಿ ಹೋಗಿ.

ಜಾಗದ ಹಳೆಯ ಪಹಣಿಯನ್ನೂ ತೆಗೆಸಿ. ಹನ್ನೆರಡನೇ ಕಾಲಂನಲ್ಲಿ ಬೆಳೆ ಬರೆದಿರುತ್ತಾರೆ. ವರ್ಷ ವರ್ಷವೂ ಭತ್ತ ಎಂದಿದ್ದರೆ ಅದು ಮಣ್ಣು ತುಂಬಿಸಿದ ಗದ್ದೆ. ಮೇಲೆ ಜಂಬಿಟ್ಟಿಗೆಯ ಕೆಂಪು ಮಣ್ಣು ಹರಡಿ ರೋಲರ್ ಓಡಿಸಿದರೂ ಅಡಿಯಲ್ಲಿ ಗದ್ದೆಯ ಮಣ್ಣು ಹಾಗೆಯೇ ಇರುತ್ತದೆ. ಮನೆ ಕಟ್ಟಲೇಬಾರದು ಎಂದಲ್ಲ, ಪಾಯಕ್ಕೆ ಬೀಳುವ ಖರ್ಚನ್ನು ಸೇರಿಸಿ ಬೆಲೆ ಲೆಕ್ಕ ಹಾಕಿ. ಗ್ರಾಮ ನಕ್ಷೆಯಲ್ಲಿ ಹಳ್ಳ, ಬಂಡಿದಾರಿ ಎಲ್ಲಿ ಹಾದುಹೋಗಿದೆ ಎಂದೂ ನೋಡಿ. ದಾಖಲೆಯಲ್ಲಿ ಬಿ ಖರಾಬು ಎಂದಿರುವ ಇಂಥ ಜಾಗ ಸಾರ್ವಜನಿಕರದ್ದು, ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ.

ಇನ್ನು ಸೌಕರ್ಯ. ದೀಪದ ಕಂಬ ಇದೆಯೇ ಎಂದು ಕೇಳಬೇಡಿ, ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂದು ಕೇಳಿ. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳನ್ನು ನೋಂದಾಯಿತ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಕೆಲಸ ಮುಗಿದ ಮೇಲೆ ಬಡಾವಣೆ ಪಾಲಿಕೆಗೋ ಪಂಚಾಯಿತಿಗೋ ಹಸ್ತಾಂತರವಾಗಬೇಕು. ಹಸ್ತಾಂತರ ಆಗದಿದ್ದರೆ ನಿಮ್ಮ ಬೀದಿಗೆ ಹೇಳುವವರು ಕೇಳುವವರು ಇರುವುದಿಲ್ಲ. ಕಸದ ಗಾಡಿ ಹೆಬ್ಬಾಗಿಲಿನ ಮುಂದೆ ಹಾದುಹೋಗುತ್ತದೆ, ಒಳಗೆ ಬರುವುದಿಲ್ಲ. ಕೊಳವೆಬಾವಿಯ ಮೋಟರ್ ಸುಟ್ಟರೆ ಮನೆಮನೆಗೆ ಹೋಗಿ ವಂತಿಗೆ ಎತ್ತಬೇಕು. ಅದನ್ನು ಎತ್ತುವವನು ನಾನೇ ಆದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ! ನಿವಾಸಿಗಳ ಸಂಘ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನಡೆಸುವುದು ಪ್ರವರ್ತಕರ, ಅಂದರೆ ಬಡಾವಣೆ ಮಾಡಿದವರ ಹೊಣೆ ಎಂದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಹಾಗೆಂದು ಅವರ ಮುಂದೆ ಹೇಳುವವರು ಬೇಕು.

ದಾಖಲೆಗಳಲ್ಲಿ ಒಂದು ಮಾತು. ಪಂಚಾಯಿತಿ ವ್ಯಾಪ್ತಿ ಎಂದಿರಲ್ಲ, ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಲ್ಲಿ) ನಮೂನೆ 9 ಮತ್ತು 11-ಎ ಕೊಡುತ್ತಾರೆಯೇ ಎಂದು ಕೇಳಿ. ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11-ಬಿ ತೋರಿಸಿ “ಎಲ್ಲ ಒಂದೇ” ಎಂದರೆ ಎದ್ದು ಬನ್ನಿ.

ನ್ಯೂಟೌನ್‌ನಲ್ಲಿ ಬೆಳೆದವಳು

ಓವರ್‌ಸಿಯರ್ ಸಾಹೇಬರು ಚರಂಡಿ ಹಿಡಿದು ಹೊರಟರೆ ಮೇಲೆ ನೋಡುವುದೇ ಇಲ್ಲ. ಅಕ್ಕ ಕೇಳಿದ್ದು ಮಂಡಿನೋವಿನ ಅಮ್ಮನಿಗೆ ಮನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ನ್ಯೂಟೌನ್, ಪೇಪರ್‌ಟೌನ್ ಎಂದು ನಾವು ಕರೆಯುವ ಕಾಲೋನಿಗಳು ಬೆಳೆದದ್ದು ಅವುಗಳ ಸುತ್ತ. ಅಲ್ಲಿ ಕ್ಲಬ್ ಇತ್ತು ನಿಜ, ಆದರೆ ಅಮ್ಮನಿಗೆ ಬೇಕಾದದ್ದು ನಡೆದು ಹೋಗುವಷ್ಟು ದೂರದಲ್ಲಿದ್ದ ತರಕಾರಿ, ಶಾಲೆ, ಆಸ್ಪತ್ರೆ, ಭಜನೆಗೆ ಒಂದು ಮನೆ. ನಲ್ಲಿ ಕೆಟ್ಟರೆ ಅಪ್ಪ ಕಾರ್ಖಾನೆಯ ಸಿವಿಲ್ ವಿಭಾಗದ ಪುಸ್ತಕದಲ್ಲಿ ಬರೆದು ಬರುತ್ತಿದ್ದರು. ಒಂದು ವಿಷಯದಲ್ಲಿ ಸಾಹೇಬರ ಮಾತು ಸರಿ: ಆ ಪುಸ್ತಕ ಇಡುವವರು ಯಾರಾದರೂ ಇರಬೇಕು. ಆ ಕಾಲ ಮತ್ತೆ ಬರುವುದಿಲ್ಲ ಬಿಡಿ, ಕಾರ್ಖಾನೆ ಸೊರಗಿದಂತೆ ಕಾಲೋನಿಯೂ ಸೊರಗಿತು.

ನಿವೃತ್ತಿಯ ನಂತರ ಅಪ್ಪ ಅಮ್ಮ ಶಿವಮೊಗ್ಗದ ಹೊರಗೆ ಗೇಟಿನ ಬಡಾವಣೆಗೆ ಬಂದರು. ನಿವೇಶನಗಳೆಲ್ಲ ಮಾರಾಟವಾಗಿವೆ, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಉಳಿದದ್ದು ದರ ಏರಲಿ ಎಂದು ಕಾಯುತ್ತಿರುವವರದ್ದು. ಖಾಲಿ ಜಾಗದ ತುಂಬ ಪಾರ್ಥೇನಿಯಂ, ಲಂಟಾನ, ಹಾವು. ನಡಿಗೆ ಪಥದಲ್ಲಿ ಅಮ್ಮ ಒಂಟಿಯಾಗಿ ನಡೆಯಲು ಹೆದರಿ ಟೆರೇಸಿನಲ್ಲೇ ಸುತ್ತುತ್ತಾರೆ. ಮುಖ್ಯರಸ್ತೆಯ ಬಸ್ ನಿಲ್ದಾಣಕ್ಕೆ ಹೋಗಬೇಕಾದರೆ ಆಟೊ ಬೇಕು, ಆಟೊದವರು ವಾಪಸ್ ಬಾಡಿಗೆ ಸಿಗುವುದಿಲ್ಲ ಎಂದು ಒಂದೂವರೆ ಪಟ್ಟು ಕೇಳುತ್ತಾರೆ. ಅಕ್ಕ, ನೀವು ಸಂಜೆ ಕತ್ತಲಾದ ಮೇಲೆ ಒಮ್ಮೆ ಹೋಗಿ, ಎಷ್ಟು ಮನೆಗಳಲ್ಲಿ ದೀಪ ಹಚ್ಚಿದ್ದಾರೆ ನೋಡಿ. ಮೆಗ್ಗಾನ್ ಆಸ್ಪತ್ರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಶಾಲೆ ಬಿಡುವ ಸಮಯದಲ್ಲಿ ಅಳೆಯಿರಿ. ಕರಪತ್ರದ “ಹತ್ತು ನಿಮಿಷ” ಅಮಾವಾಸ್ಯೆಯ ನಡುರಾತ್ರಿಯದ್ದು. ದುಡ್ಡು ಸ್ವಲ್ಪ ಹೆಚ್ಚಾದರೂ ವಿನೋಬನಗರ, ಗೋಪಾಳದಂಥ ತುಂಬಿದ ಬಡಾವಣೆಯಲ್ಲಿ ಹಳೆಯ ಚಿಕ್ಕ ಮನೆ ಸಿಗುತ್ತದೆಯೇ ಎಂದು ವಿಚಾರಿಸಬಾರದೇಕೆ?

ಕೋಣಂದೂರು ಕಡೆಯವಳು

ಇಬ್ಬರಿಗೂ ತುಂಬ ಧನ್ಯವಾದ. ಭಾನುವಾರ ತಮ್ಮನ ಜೊತೆ ಹೋಗಿ ಬಂದೆ. ಚರಂಡಿ ತೋರಿಸಿ ಎಂದಾಗ ಮಾರಾಟದ ಹುಡುಗ ನನ್ನ ಮುಖವನ್ನೇ ನೋಡಿದ. ಕೊನೆಗೆ ನಾವೇ ಬೇಲಿ ದಾಟಿ ನೋಡಿದೆವು. ಹಳ್ಳದವರೆಗೂ ಕಟ್ಟಿದ್ದಾರೆ, ಆ ಮಟ್ಟಿಗೆ ಪರವಾಗಿಲ್ಲ. ಬೀದಿ ದೀಪದ ಬಿಲ್ಲು ಸದ್ಯಕ್ಕೆ ಕಂಪನಿಯೇ ಕಟ್ಟುತ್ತಿದೆಯಂತೆ, ಎಲ್ಲಿಯವರೆಗೆ ಎಂದರೆ ಉತ್ತರವಿಲ್ಲ. ಇನ್ನೊಂದು ವಿಚಿತ್ರ: ಕರಪತ್ರದಲ್ಲಿ ಉದ್ಯಾನ ಎಂದಿರುವ ಮೂಲೆಯಲ್ಲಿ ಈಗ ಕಲ್ಲು ನೆಟ್ಟು ಸಂಖ್ಯೆ ಬರೆದಿದ್ದಾರೆ. ಕೇಳಿದರೆ “ಅದು ಹಳೇ ಪ್ಲಾನ್ ಮೇಡಂ” ಎಂದರು. ಶುಕ್ರವಾರದೊಳಗೆ ಕಾಲು ಭಾಗ ಹಣ ಕಟ್ಟಿದರೆ ಈಗಿನ ದರ, ಆಮೇಲೆ ಏರುತ್ತದಂತೆ. ಒಂದು ರಸೀದಿ ಕೊಡುತ್ತಾರಂತೆ. ಅಪ್ಪ ಕಟ್ಟಿಬಿಡೋಣ ಎನ್ನುತ್ತಿದ್ದಾರೆ.

ಹಳೇ ಓವರ್‌ಸಿಯರ್

ಕಟ್ಟಬೇಡಿ. ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಹತ್ತು ಶೇಕಡಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಅದೇ ರೇರಾ ಕಾಯ್ದೆಯ 13ನೇ ಸೆಕ್ಷನ್. ರಸೀದಿಯ ಮೇಲೆ ಕಾಲು ಭಾಗ ಕೇಳುವವರಿಗೆ ಇದು ಗೊತ್ತಿಲ್ಲದೇನೂ ಇಲ್ಲ.

ಉದ್ಯಾನದ ಕಲ್ಲಿನ ಫೋಟೊ ತೆಗೆದುಕೊಂಡಿರಾ? ಇಲ್ಲದಿದ್ದರೆ ತಮ್ಮನನ್ನು ಇನ್ನೊಮ್ಮೆ ಕಳಿಸಿ. ಫಲಕದಲ್ಲಿ ರೇರಾ ನೋಂದಣಿ ಸಂಖ್ಯೆ ಇರಬೇಕು, 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಗೆ ಅದು ಕಡ್ಡಾಯ. ಸಂಖ್ಯೆ ಹಾಕಿ ಹುಡುಕಿದರೆ ಸಲ್ಲಿಸಿರುವ ನಕ್ಷೆ ರೇರಾ ಜಾಲತಾಣದಲ್ಲೇ ಸಿಗುತ್ತದೆ. ಅದರಲ್ಲಿ ಆ ಮೂಲೆ ಹಸಿರಾಗಿದ್ದರೆ, ನಕ್ಷೆಯನ್ನೂ ಫೋಟೊವನ್ನೂ ಹಿಡಿದು ಸೂಡಾ ಕಚೇರಿಗೆ ಹೋಗಿ ಕೇಳಿ. ಕರಪತ್ರವನ್ನು ಒಲೆಗೆ ಹಾಕಿಬಿಡಬೇಡಿ. ಜಾಹೀರಾತು ನಂಬಿ ಹಣ ಕೊಟ್ಟು ನಷ್ಟವಾದವರಿಗೆ ಪರಿಹಾರ ಕೊಡಬೇಕೆಂದು 12ನೇ ಸೆಕ್ಷನ್ ಇದೆ, ಆಗ ಅದೇ ಸಾಕ್ಷಿ.

ಅಪ್ಪನಿಗೆ ಒಂದು ಮಾತು ಹೇಳಿ: ಶುಕ್ರವಾರ ಏರುವ ದರ ಮುಂದಿನ ಶುಕ್ರವಾರವೂ ಅಷ್ಟೇ ಇರುತ್ತದೆ. ನ್ಯೂಟೌನ್ ತಂಗಿ ಹೇಳಿದ ಹಾಗೆ ಗೋಪಾಳದ ಕಡೆಯೂ ನೋಡಿ ಬನ್ನಿ. ಅಲ್ಲಿ ಹಳೆಯ ಮನೆ ಸಿಕ್ಕರೆ ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರವನ್ನು (ಇ.ಸಿ.) ಮೂವತ್ತು ವರ್ಷದ್ದು ತೆಗೆಸಿ, ಮನೆಯ ಮುಂದಿನ ಒಳಚರಂಡಿ ಮ್ಯಾನ್‌ಹೋಲಿನ ಮುಚ್ಚಳ ಎತ್ತಿಸಿ ನೋಡುವುದನ್ನು ಮಾತ್ರ ಮರೆಯಬೇಡಿ.