ಪೂರ್ತಿ ಥ್ರಾಟಲ್ ಕೊಟ್ಟರೆ ಸೊರಗುವ 40 ಎಚ್‌ಪಿ ಔಟ್‌ಬೋರ್ಡ್: ಕಾಯಿಲ್ ಬದಲಿಸಲಾ?

ಪ್ರಶ್ನೆ

ನಮ್ಮದು 18 ಅಡಿಯ ಫೈಬರ್ ದೋಣಿ. ಕೆಆರ್‌ಎಸ್ ಹಿನ್ನೀರಿನಲ್ಲಿ ಓಡಿಸುತ್ತೇವೆ. ಎಂಜಿನ್ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಔಟ್‌ಬೋರ್ಡ್, 40 ಎಚ್‌ಪಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಮೀನಾಕ್ಷಿಪುರದ ದಡದಲ್ಲಿ ನಿಧಾನಕ್ಕೆ ಓಡಿಸಿದರೆ ಒಂದು ತಕರಾರೂ ಇಲ್ಲ. ನಡುನೀರಿಗೆ ಬಂದು ಪೂರ್ತಿ ಥ್ರಾಟಲ್ ಕೊಟ್ಟರೆ ಒಂದು ನಿಮಿಷ ಜೋರಾಗಿ ಹೋಗುತ್ತೆ. ಆಮೇಲೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಸೊರಗುತ್ತೆ. ಥ್ರಾಟಲ್ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಪ್ಲಗ್ ಎರಡೂ ಹೊಸದು. ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ದುಡ್ಡು ತಗೊಂಡು ಹೋದ, ಕಾಟ ಮಾತ್ರ ಇಲ್ಲೇ ಉಳೀತು. ಈಗ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡೋ ಕಾಯಿಲ್ ಬದಲಿಸಿ ಅಂತಾನೆ.

ಉತ್ತರ

ಕಾಯಿಲ್ ಸುದ್ದಿಗೆ ಈಗಲೇ ಹೋಗಬೇಡಿ. ಸೊರಗುವಾಗ ಎಂಜಿನ್ ಸದ್ದು ಇಳಿಯುತ್ತಾ, ಏರುತ್ತಾ? ಸದ್ದು ಕಿರುಚಿ ದೋಣಿ ಮಾತ್ರ ಮುಂದೆ ಹೋಗದಿದ್ದರೆ ಪ್ರೊಪೆಲ್ಲರ್ ನೋಡಿ. ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು, ಇಲ್ಲಾ ಜೊಂಡು ಸುತ್ತಿಕೊಂಡಿರಬಹುದು.

ಸದ್ದೂ ಇಳಿಯುತ್ತೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲೇ ನನ್ನ ಅನುಮಾನ. ನಿಧಾನಕ್ಕೆ ಓಡುವಾಗ ಎಂಜಿನ್‌ಗೆ ಬೇಕಾಗೋದು ಸ್ವಲ್ಪವೇ. ಪೂರ್ತಿ ಕೊಟ್ಟಾಗ ಇಂಥ ಎಂಜಿನ್ ಗಂಟೆಗೆ 15 ಲೀಟರ್‌ಗೂ ಜಾಸ್ತಿ ಕುಡಿಯುತ್ತೆ. ಕಾರ್ಬ್ಯುರೇಟರ್ ಬಟ್ಟಲಲ್ಲಿ ಇರೋದು ಖಾಲಿಯಾಗೋವರೆಗೆ ಓಡಿ, ಆಮೇಲೆ ಉಸಿರು ಬಿಡುತ್ತೆ. ನಿಮ್ಮ ಆ ಒಂದು ನಿಮಿಷದ ಲೆಕ್ಕ ಇದೇ ಇರಬೇಕು.

ಜೊತೆಗೆ ಒಬ್ಬರನ್ನು ಕರ್ಕೊಂಡು ಹೋಗಿ. ಎಂಜಿನ್ ಸೊರಗುವ ಹೊತ್ತಿಗೆ ಅವರು ಪೆಟ್ರೋಲ್ ಪೈಪಿನ ಪ್ರೈಮರ್ ಬಲ್ಬ್ (ಕೈಯಲ್ಲಿ ಒತ್ತಿ ಪೆಟ್ರೋಲ್ ಏರಿಸುವ ರಬ್ಬರ್ ಉಂಡೆ) ಹಿಡಿದು ನೋಡಲಿ. ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಅಡಚಣೆ ಟ್ಯಾಂಕಿನ ಕಡೆ ಇದೆ. ಮುಚ್ಚಳದ ಗಾಳಿ ಸ್ಕ್ರೂ ಬಿಚ್ಚಿದ್ದೀರಾ? ನಗಬೇಡಿ, ನಾನೇ ಎರಡು ಸಲ ಮರೆತಿದ್ದೀನಿ. ಬಲ್ಬ್ ಚಪ್ಪಟೆಯಾಗದೆ, ಒತ್ತುತ್ತಾ ಇದ್ದರೆ ಎಂಜಿನ್ ಚೇತರಿಸಿಕೊಂಡರೆ, ಎಂಜಿನ್‌ನ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹೋಗಿರಬೇಕು ಅಥವಾ ಎಲ್ಲೋ ಗಾಳಿ ಎಳೀತಿದೆ.

ಪರೀಕ್ಷೆಯನ್ನು ಬೇಗ ಮುಗಿಸಿ. ಟೂ ಸ್ಟ್ರೋಕ್‌ಗೆ ಆಯಿಲ್ ಬರೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ, ಬಿಸಿ ಜಾಸ್ತಿ. ಪಿಸ್ಟನ್ ಹಿಡಿದುಕೊಂಡರೆ ಕಾಯಿಲ್ ರೇಟು ಅಗ್ಗ ಅನ್ನಿಸುತ್ತೆ. ಹಿಂದಿನಿಂದ ಚಿಮ್ಮುವ ತಂಪಿನ ನೀರಿನ ಮೇಲೂ ಕಣ್ಣಿರಲಿ.

ಪ್ರಶ್ನೆ ಕೇಳಿದವರು

ಸದ್ದೂ ಇಳಿಯುತ್ತೆ. ಅಣ್ಣನ ಮಗನ ಕೈಗೆ ಬಲ್ಬ್ ಕೊಟ್ಟು ಹೊರಟೆ. "ಚಿಕ್ಕಪ್ಪಾ, ಒಣಗಿದ ನಿಂಬೆಹಣ್ಣಿನ ಥರಾ ಆಯ್ತು" ಅಂತ ಕೂಗಿದ. ಗಾಳಿ ಸ್ಕ್ರೂ ಬಿಚ್ಚೇ ಇತ್ತು. ಟ್ಯಾಂಕಿನ ಒಳಗಿನ ಜಾಲರಿಯಲ್ಲೂ ಕಸ ಇಲ್ಲ. ಪೈಪು ನೋಡೋಕೆ ಗಟ್ಟಿಮುಟ್ಟಾಗಿದೆ, ಎಲ್ಲೂ ಬಿರುಕಿಲ್ಲ.

ಉತ್ತರ

ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಟ್ಯಾಂಕಿಂದ ಬಲ್ಬ್‌ವರೆಗಿನ ಪೈಪನ್ನು ಉದ್ದಕ್ಕೆ ಸೀಳಿ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್, ಅಂದರೆ ಕಬ್ಬಿನಿಂದಲೂ ತೆಗೆಯೋ ಸ್ಪಿರಿಟ್. ಹಳೇ ಪೈಪುಗಳ ಒಳಪದರ ಅದಕ್ಕೆ ತಡೆಯಲ್ಲ. ಕಬ್ಬು ಬೆಳೆಯೋರು ನಾವೇ, ಅನುಭವಿಸೋರೂ ನಾವೇ, ಅಲ್ವಾ?

ಪ್ರಶ್ನೆ ಕೇಳಿದವರು

ಸೀಳಿದೆ. ಒಳಪದರ ಹಾವಿನ ಪೊರೆ ಥರ ಬಿಟ್ಟುಕೊಂಡಿತ್ತು. ಬಲ್ಬ್ ಹತ್ತಿರ ಗೇಣುದ್ದ ಮಡಚಿಕೊಂಡು ಕೂತಿತ್ತು. ಬಾಯಿಟ್ಟು ಮೆಲ್ಲಗೆ ಊದಿದರೆ ಗಾಳಿ ಹೋಗುತ್ತೆ, ಜೋರಾಗಿ ಎಳೆದರೆ ಪಟ್ ಅಂತ ಮುಚ್ಚಿಕೊಳ್ಳುತ್ತೆ. ಎಥನಾಲ್ ತಡೆಯುವ ಹೊಸ ಪೈಪು, ಬಲ್ಬ್, ಕ್ಲಿಪ್ ಹಾಕಿದೆ. ಹಳೇ ಪೆಟ್ರೋಲ್ ತೆಗೆದು ಬಾಟಲಿಯಲ್ಲಿಟ್ಟರೆ ತಳದಲ್ಲಿ ಬೆರಳಗಲ ನೀರು ನಿಂತಿತ್ತು, ಅದನ್ನೂ ಚೆಲ್ಲಿದೆ.

ನಿನ್ನೆ ಬೆಳಿಗ್ಗೆ ಹೊಸ ಕನ್ನಂಬಾಡಿ ದೇವಸ್ಥಾನದ ಕಡೆ ದಡದವರೆಗೆ ಪೂರ್ತಿ ಥ್ರಾಟಲ್‌ನಲ್ಲೇ ಹೋಗಿ ಬಂದೆ. ಒಂದು ಸಲವೂ ಸೊರಗಲಿಲ್ಲ. ಆ ಪೈಪಿನ ತುಂಡು ಎತ್ತಿಟ್ಟಿದ್ದೀನಿ. ಮೆಕ್ಯಾನಿಕ್ ಕಾಯಿಲ್ ತಗೊಂಡು ಭಾನುವಾರ ಬರ್ತಾನಂತೆ, ಬರಲಿ.